ಒಳಗಿನಿಂದ ತೆರೆದ ಸೂರು

“ಇಲ್ಲಿ ನಿಲ್ಲಿಸಿ ಎಲ್ಲರ ಕೈಲೂ ಚಪ್ಪಾಳೆ ಹೊಡೆಸ್ತೀನಿ,” ಅಂದ ರುಸೆಲ್.

ಅನ್ನುತ್ತಲೇ ಅಭ್ಯಾಸಬಲದಿಂದ ಕೈ ಎತ್ತಲು ಹೋದ. ಬೆನ್ನ ಹಿಂದೆ ಬೇಡಿ ಎಳೆಯಿತು. ಭುಜ ಎರಡೂ ಅಲುಗಿ ಸುಮ್ಮನಾದವು.

“ನೀವೇ ಹೊಡೀರಿ ಮೇಡಂ. ನನ್ನ ಕೈ ಸರಕಾರದ ಹತ್ರ ಇದೆ.”

ಎರ್ಮಿಲಾ ಪೋತ್ ನಗಲಿಲ್ಲ. ಒದ್ದೆ ಕೋಟಿನ ತೋಳು ಮೇಲಕ್ಕೆ ಸರಿಸಿ ಒಂದೇ ಒಂದು ಚಪ್ಪಾಳೆ ತಟ್ಟಿದಳು. ಎದುರಿಗಿದ್ದ ಮೆಟ್ಟಿಲುಗೋಪುರ ಆ ಸದ್ದನ್ನು ನುಂಗಿ, ಯಾವುದೋ ಹಕ್ಕಿ ಕತ್ತು ಹಿಸುಕಿಸಿಕೊಂಡು ಚೀರಿದ ಹಾಗೆ ವಾಪಸು ಉಗುಳಿತು.

“ಆಮೇಲೆ?”

“ಆಮೇಲೆ ಅವರು ವಾವ್ ಅಂತಾರೆ. ನಾನು, ನೋಡಿ ಸಾರ್, ನಮ್ಮ ಹಿರೀಕರು ದೇವರ ಹಕ್ಕಿ ಕೂಗೋ ಹಾಗೇ ಕಲ್ಲು ಜೋಡಿಸಿದ್ರು ಅಂತೀನಿ. ಅವರು ಮತ್ತೆ ವಾವ್ ಅಂತಾರೆ. ಹಿರೀಕರು ನಿಜಕ್ಕೂ ಹಾಗಂತಲೇ ಜೋಡಿಸಿದ್ರೋ, ಮೆಟ್ಲು ತಾನಾಗಿ ಕೂಗುತ್ತೋ, ಯಾವನಿಗೆ ಗೊತ್ತು? ಕಂಪನಿಯವರು ಹೇಳು ಅಂದಿದ್ದಾರೆ, ಹೇಳ್ತೀನಿ.”

“ನಾಲಿಗೆ ಉದ್ದ ಆಯ್ತು ಕಣೋ ನಿಂದು,” ಅಂದ ಹಿಂದಿನಿಂದ ಕಾನ್‌ಸ್ಟೇಬಲ್ ವಿಲ್ಬರ್ತ್. ಇದೇ ಊರಿನವನು. ರುಸೆಲನಿಗೆ ಬೇಡಿ ತೊಡಿಸುವಾಗ ಅವನು ಒಂದು ಹಲ್ಲು ಸಡಿಲವಾಗಿಯೇ ಬಿಟ್ಟಿದ್ದನ್ನು ಎರ್ಮಿಲಾ ಕಂಡಿದ್ದಳು.

“ಉದ್ದ ಇರೋದು ಅದೊಂದೇ ಅಣ್ಣಾ. ಆಯಸ್ಸು ಸಂಜೆಗೆ ಮುಗೀತಲ್ಲ.”

ಶ್ಕನ್‌ಹಾ ಪಾಳುಗುಡಿಗಳ ಮುದಿ ಕಾವಲುಗಾರ ನಿಕನೋರ್ ಏಕ್ ಮಳೆನೀರಿನ ಹಳೆಯ ಹಗೇವಿನೊಳಗೆ ಹೆಣವಾಗಿ ಸಿಕ್ಕಿದ್ದ. ಹಿಂದಿನ ಸಂಜೆ ಅವನನ್ನು ಜನರೆದುರೇ ತಳ್ಳಿದ್ದ ಗೈಡ್ ರುಸೆಲ್ ತುನ್‌ನನ್ನು ಹಿಡಿದು ಹಾಕಿದ್ದರು. ತನಿಖೆ ಎರ್ಮಿಲಾಳದು. ಬೆಳಿಗ್ಗೆ ಮೇಲಧಿಕಾರಿ ಫೋನು ಮಾಡಿ ಎರಡೇ ಮಾತು ಹೇಳಿದ್ದ. ಕತ್ತಲಾಗುವ ಮುಂಚೆ ರಾಜಧಾನಿಯಿಂದ ವ್ಯಾನು ಬರುತ್ತೆ, ಹುಡುಗನನ್ನು ಹತ್ತಿಸು.

ಆ ವ್ಯಾನು ಹತ್ತಿದವನು ಏನಾಗುತ್ತಾನೆಂದು ಅವಳಿಗೆ ಗೊತ್ತಿತ್ತು. ಒಳಗೆ ಹೋಗುವಾಗ ‘ನಾನಲ್ಲ’ ಅನ್ನುತ್ತಾನೆ. ನಾಲ್ಕು ದಿನಕ್ಕೆ ‘ನಾನೇ’ ಅನ್ನುತ್ತಾನೆ. ಅಲ್ಲಿಗೆ ಕೇಸು ಮುಗಿಯುತ್ತದೆ, ಎಲ್ಲರೂ ಊಟಕ್ಕೆ ಹೋಗುತ್ತಾರೆ.

ಅದಕ್ಕೇ ಅವಳು ಲಾಕಪ್ಪಿನಿಂದ ಅವನನ್ನು ಹೊರಗೆ ತಂದಿದ್ದು. ಆ ಸಂಜೆ ನಾಲ್ಕು ಜನ ಪರದೇಶಿಗಳಿಗೆ ಮಾಡಿಸಿದ ಸುತ್ತನ್ನೇ ನನಗೂ ಮಾಡಿಸು, ಒಂದು ಮಾತೂ ಬಿಡಬೇಡ, ಎಂದಿದ್ದಳು. ಗೇಟಿನಿಂದ ಗೇಟಿಗೆ ಒಂದು ಗಂಟೆಯೂ ಹಿಡಿಯದ ಸುತ್ತು. ಅದರೊಳಗೆ ಇವನ ಜೀವ ಎಲ್ಲೋ ಬಿದ್ದಿರಬೇಕು. ಹೆಕ್ಕಿಕೊಳ್ಳಬೇಕಿತ್ತು.

ಬಡಗಣ ಗಾಳಿ ಎರಡು ದಿನದಿಂದ ನಿಂತಿರಲಿಲ್ಲ. ಮಳೆ ಅನ್ನುವಷ್ಟು ಮಳೆಯಲ್ಲ, ಮುಖಕ್ಕೆ ಯಾರೋ ಒದ್ದೆ ಬಟ್ಟೆ ಒತ್ತಿ ಹಿಡಿದ ಹಾಗೆ. ಕಲ್ಲುಗಳೆಲ್ಲ ಕಪ್ಪಿಟ್ಟಿದ್ದವು. ಒಂದು ಇಗ್ವಾನ ಓತಿ ಕೂಡ ಹೊರಗೆ ತಲೆ ಹಾಕಿರಲಿಲ್ಲ.

“ಮುಂದೆ ನಡಿ.”

ಬಲಿಗಲ್ಲಿನ ಮುಂದೆ ರುಸೆಲನ ಪಟಪಟ ಮಾತು ನಿಂತಿತು.

“ಇಲ್ಲೇ ಅಲ್ವಾ?”

“ಇಲ್ಲೇ.” ಅವನು ಕಲ್ಲು ನೋಡಲಿಲ್ಲ, ನೆಲ ನೋಡಿದ. “ಅವರಲ್ಲೊಬ್ಬ ಕೆಂಪು ಮೂತಿಯವನು ಕಲ್ಲಿನ ಮೇಲೆ ಕೂತ. ಬೀರ್ ಡಬ್ಬಾನ ಪಕ್ಕದಲ್ಲಿಟ್ಟ. ನಾನು ನೋಡಿದೆ, ನೋಡದೇ ಇದ್ದ ಹಾಗೆ ಇದ್ದೆ. ಕಂಪನಿ ಹೇಳಿರೋದೇ ಹಾಗೆ. ಗಿರಾಕಿಗೆ ಬೇಡ ಅನ್ಬಾರ್ದು.”

“ನಿಕನೋರ್ ಬಂದ.”

“ಬಂದ. ಅವರನ್ನ ಏನೂ ಅನ್ಲಿಲ್ಲ. ನನ್ನ ಕಾಲರ್ ಹಿಡ್ಕೊಂಡ. ‘ನಿನ್ನ ಮುತ್ತಾತನ ಎದೆ ಮೇಲೆ ಹೆಂಡ ಇಡಿಸ್ತೀಯೇನೋ ನಾಯಿ’ ಅಂದ. ನಮ್ಮ ಮಾತಲ್ಲೇ ಅಂದ. ಅವರು ಅದೂ ಆಟದಲ್ಲಿ ಸೇರಿದೆ ಅಂದ್ಕೊಂಡು ಫೋನಲ್ಲಿ ಹಿಡೀತಾ ಇದ್ರು, ನಗ್ತಾ.”

“ನೀನು ತಳ್ಳಿದೆ.”

“ತಳ್ಳಿದೆ.”

“ಏನಂದೆ?”

ರುಸೆಲ್ ತುಟಿ ಕಚ್ಚಿದ. ಗಡ್ಡ ಸರಿಯಾಗಿ ಬಾರದ ಮುಖ. “ಈ ಕಲ್ಲುಗಳ ಜೊತೆ ನೀನೂ ಹೂತೋಗು ಮುದ್ಕಾ, ಅಂದೆ. ಅದೇ ಕೊನೇ ಮಾತು ಮೇಡಂ. ಹಾದಿ ಗೀದಿ ತೋರ್ಸಿ ಈ ಕೆಲಸ ಕಲಿಸಿಕೊಟ್ಟವನಿಗೆ ನಾನು ಆಡಿದ ಕೊನೇ ಮಾತು.”

ವಿಲ್ಬರ್ತ್ ಆ ಕಡೆ ತಿರುಗಿ ಮೂಗು ಸೀಟಿಕೊಂಡ.

ಅಲ್ಲಿಂದ ಹಗೇವಿಗೆ ಕಲ್ಲೆಸೆತದ ದೂರ. ನೆಲದಲ್ಲಿ ಒಬ್ಬ ಆಳು ಇಳಿಯುವಷ್ಟು ಅಗಲದ ಒಂದು ತೂತು, ಒಳಗೆ ಮನೆಯಷ್ಟು ದೊಡ್ಡ ಹೊಟ್ಟೆ. ಹಿಂದಿನವರು ಮಳೆನೀರು ತುಂಬಿಸಿಕೊಂಡು ಬೇಸಿಗೆ ಕಳೆದ ಜಾಗ. ಈಗ ಒಣಗಿ ಬಿದ್ದಿತ್ತು. ಸುತ್ತ ಕಟ್ಟಿದ ಪೊಲೀಸರ ಹಳದಿ ಪಟ್ಟಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

“ಇಲ್ಲಿ ಟಾರ್ಚು ಬಿಟ್ಟು ಒಳಗೆ ತೋರಿಸ್ತೀನಿ. ಟಾರ್ಚನ್ನ ಅಲ್ಲೇ ಆ ಕಲ್ಲಿನ ಸಂದೀಲಿ ಇಟ್ಟು ಹೋಗ್ತೀನಿ. ದಿನಾ ಹೊತ್ಕೊಂಡು ತಿರುಗೋದ್ಯಾರು? ಊರಿಗೆಲ್ಲ ಗೊತ್ತು. ನಿಮ್ಮೋರು ಅದು ಸಿಕ್ತು ಅಂತ ನನ್ನ ಹಿಡ್ಕೊಂಡ್ರು.”

“ಇಲ್ಲಿಂದ ಎಲ್ಲಿಗೆ ಹೋದೆ?”

“ಎಷ್ಟು ಸಲ ಹೇಳ್ಲಿ? ಅವರನ್ನ ವ್ಯಾನಲ್ಲಿ ವಯ್ಯದೊಲಿದ್ ಪೇಟೆಯ ಹೋಟೆಲಿಗೆ ಬಿಟ್ಟೆ. ಗಾಡಿ ಕೆಟ್ಟಿತ್ತು, ಅಲ್ಲೇ ಹೋಟೆಲ್ ಕಾವಲುಗಾರನ ಜೊತೆ ಡಾಮಿನೊ ಆಡ್ತಾ ಕೂತೆ, ಬೆಳಗಾಯ್ತು.”

ಅದು ನಿಜ. ಎರ್ಮಿಲಾ ಖುದ್ದು ಹೋಗಿ ವಿಚಾರಿಸಿ ಬಂದಿದ್ದಳು. ಆದರೆ ಆ ಸಾಕ್ಷಿ ಕವಡೆಗೂ ಬಾಳುತ್ತಿರಲಿಲ್ಲ. ಸಂಜೆಯೇ ತಲೆಗೆ ಹೊಡೆದು ಹಗೇವಿಗೆ ನೂಕಿ ಹೋಗಿದ್ದಾನೆ, ಮುದುಕ ಒಳಗೆ ಬಿದ್ದುಕೊಂಡು ನಡುರಾತ್ರಿಯವರೆಗೆ ಒದ್ದಾಡಿ ಸತ್ತಿದ್ದಾನೆ, ಅನ್ನುವುದು ಮೇಲಿನವರ ಲೆಕ್ಕ. ಪ್ರಾಣ ಹೋಗಿದ್ದು ತಡವಾಗಿ ಅಂತ ಡಾಕ್ಟರೂ ಹೇಳಿದ್ದ.

ಹೆಣ ಬಿದ್ದಿದ್ದು ಹಗೇವಿನಲ್ಲಿ. ಸತ್ತಿದ್ದೂ ಅಲ್ಲಿಯೇ ಅಂತ ಹೇಳಿದವರ್ಯಾರು?

ಅವಳಿಗೆ ಬೆಳಗಿನಿಂದ ಒಂದು ವಿಷಯ ಹಲ್ಲಿನ ಸಂದಿಗೆ ಸಿಕ್ಕಿದ ಎಲೆಚೂರಿನ ಹಾಗೆ ಕಾಡುತ್ತಿತ್ತು. ಶವಾಗಾರದಲ್ಲಿ ಮುದುಕನ ಕಣ್ಣು ಅರ್ಧ ತೆರೆದಿತ್ತು. ಆ ಕಣ್ಣಿನೊಳಗೆ, ರೆಪ್ಪೆಗಳ ಬುಡದಲ್ಲಿ, ಕಪ್ಪು ಚೂರುಗಳು. “ಧೂಳು,” ಅಂದಿದ್ದ ಡಾಕ್ಟರ್, ನಗರದಲ್ಲಿ ಹುಟ್ಟಿ ಬೆಳೆದವನು. ಎರ್ಮಿಲಾ ಒಂದು ಚೂರನ್ನು ಬೆರಳ ತುದಿಗೆ ತೆಗೆದುಕೊಂಡು ಉಜ್ಜಿದ್ದಳು. ಜಿಡ್ಡು. ಮೂಗಿಗೆ ಹಿಡಿದರೆ ಹೊಗೆ.

ಇಲ್ಲಣ. ಒಲೆಯ ಹೊಗೆ ವರ್ಷಗಟ್ಟಲೆ ಸೂರಿಗೆ ಅಂಟಿ ಜೋತಾಡುವ ಮಸಿ.

ಅವಳು ಹಗೇವಿನ ಬಾಯಿಗೆ ಬಗ್ಗಿದಳು. ಒಳಗೋಡೆಗೆಲ್ಲ ಸುಣ್ಣದ ಗಾರೆ. ಹಳೆಯ ಎಲುಬಿನ ಬಿಳುಪು. ಎಳ್ಳಷ್ಟು ಕಪ್ಪಿರಲಿಲ್ಲ.

ಮಸಿ ಮೇಲಿನಿಂದ ಉದುರುತ್ತದೆ. ಅಂಗಾತ ಮಲಗಿದವನ ಕಣ್ಣಿಗೆ ಬೀಳುತ್ತದೆ. ಕಣ್ಣು ಮುಚ್ಚಿಕೊಳ್ಳಲೂ ಕೈಲಾಗದವನ ಕಣ್ಣಿಗೆ.

“ನಿಕನೋರ್ ಅಡಿಗೆ ಎಲ್ಲಿ ಮಾಡ್ಕೋತಿದ್ದ?”

“ಗುಡಿಸಲಲ್ಲೇ. ಆ ಮರಗಳ ಹಿಂದೆ.” ರುಸೆಲ್ ಗದ್ದದಿಂದ ತೋರಿಸಿದ. “ಅದು ಸುತ್ತಲ್ಲಿ ಇಲ್ಲ ಮೇಡಂ. ಜೀವ ಇರೋರ ಮನೆ ತೋರಿಸಿದ್ರೆ ಯಾರು ಕಾಸು ಕೊಡ್ತಾರೆ?”

ಗುಡಿಸಲಿನ ಬಾಗಿಲಿಗೆ ಬೀಗವಿರಲಿಲ್ಲ. ಒಳಗೆ ಒಂದು ಮೇಣದ ಬತ್ತಿ ಉರಿಯುತ್ತಿತ್ತು. ಅದರ ಮುಂದೆ ಸತ್ತವನ ತಂಗಿ ಬಸೀಲಿಯಾ ಚಿಕ್ಕ ಮಣೆಯ ಮೇಲೆ ಕೂತಿದ್ದಳು, ಬಿಳಿ ಇಪಿಲ್ ನಿಲುವಂಗಿಯ ಮೇಲೆ ಕಪ್ಪು ಶಾಲು ಹೊದ್ದು. ಪಾಳುಗುಡಿಯ ಗೇಟಿನಲ್ಲಿ ಸಾಲ್ಬೂತೆ ರೊಟ್ಟಿ ಕರಿದು ಮಾರುವ ಮುದುಕಿ. ಮಂಡಿನೋವಿನವಳು, ಎದ್ದು ನಿಲ್ಲಬೇಕಾದರೆ ಗೋಡೆ ಹಿಡಿಯುತ್ತಾಳೆ.

“ಒಳಗೆ ಬರ್ಲಾ ಅತ್ತೆ?” ಎರ್ಮಿಲಾ ಮಾಯಾ ಮಾತಿನಲ್ಲಿ ಕೇಳಿದಳು. ಅವಳದು ಪಕ್ಕದ ಊರು.

“ಬಂದಾಯ್ತಲ್ಲ ಮಗಳೇ.”

ವಿಲ್ಬರ್ತ್ ರುಸೆಲನನ್ನು ಹೊರಗೆ ಜಗುಲಿಯಲ್ಲೇ ನಿಲ್ಲಿಸಿಕೊಂಡ.

ಮೂರು ಕಲ್ಲಿನ ಒಲೆ, ತಣ್ಣಗೆ. ಗೋಡೆಗೆ ಮಚ್ಚು. ಒಂದು ಸೋರೆಬುರುಡೆ. ಜೋಲಿ ಕಟ್ಟುವ ಎರಡು ಕೊಕ್ಕೆ, ಎದುರುಬದುರು. ಜೋಲಿ ಇರಲಿಲ್ಲ. ಬಡವನ ಮನೆಯಲ್ಲಿ ಏನಿಲ್ಲದಿದ್ದರೂ ಮಲಗುವ ಜೋಲಿ ಇರುತ್ತದೆ. ಕೊಕ್ಕೆಗಳ ನಡುವೆ, ಅದು ತೂಗುತ್ತಿರಬೇಕಾದ ಕಡೆ, ಮಣ್ಣಿನ ನೆಲ ಒದ್ದೆಯಾಗಿ ಹೊಂಡ ಬಿದ್ದಿತ್ತು.

ಟಪ್ ಎಂದು ಒಂದು ಹನಿ ಬಿತ್ತು.

ಅವಳು ತಲೆ ಎತ್ತಿದಳು. ತಾಳೆಗರಿಯ ಕಪ್ಪು ಸೂರಿನ ನಡುಮಧ್ಯದಲ್ಲಿ ಆಕಾಶ ಕಾಣಿಸಿತು.

“ಗಾಳಿ ಮೇಡಂ,” ಅಂದ ವಿಲ್ಬರ್ತ್ ಬಾಗಿಲಿನಿಂದ. “ಎರಡು ದಿನದಿಂದ ಬಡೀತಾನೇ ಇದೆಯಲ್ಲ.”

“ಗಾಳಿ ಗರೀನ ಅಂಚಿಂದ ಎತ್ತುತ್ತೆ. ನಡುವಿಂದ ಎತ್ತುತ್ತಾ?”



ಗರಿಗಳ ತುದಿಗಳು ಹೊರಕ್ಕೆ ಮುಖ ಮಾಡಿದ್ದವು. ಒಳಗಿನಿಂದ ಸರಿಸಿದ್ದು. ತೂತಿನ ಅಗಲ ಒಂದು ಮೊಳ ಇದ್ದೀತು, ಮನುಷ್ಯ ತೂರುವಷ್ಟಲ್ಲ. ಕಳ್ಳ ಮಾಡಿದ ದಾರಿಯಲ್ಲ ಅದು.

ಇಂಥ ತೂತನ್ನು ಎರ್ಮಿಲಾ ಮೊದಲೂ ನೋಡಿದ್ದಳು. ಅವಳ ಅಜ್ಜಿ ಸಾಯುವಾಗ ಜೀವ ಹೋಗಲೊಲ್ಲದೆ ನರಳುತ್ತಿದ್ದಳು. ಗಂಟಲಲ್ಲಿ ಗೊರಗೊರ ಸದ್ದು. ಮನೆಮಂದಿ ಕಿವಿ ಮುಚ್ಚಿಕೊಂಡು ಕೂತಿದ್ದರು. ಆಗ ಮಾವ ತೊಲೆ ಹತ್ತಿ, ಜೋಲಿಯ ನೇರಕ್ಕೆ ಸೂರು ತೆರೆದಿದ್ದ. ಜೀವಕ್ಕೆ ದಾರಿ ಬೇಕಲ್ಲ. ಸೂರು ತೆರೆದ ಸ್ವಲ್ಪ ಹೊತ್ತಿಗೆ ಅಜ್ಜಿಯ ಉಸಿರು ಹಗುರಾಗಿ ನಿಂತಿತ್ತು. ಅಜ್ಜಿಯ ಮುಖದ ತುಂಬ ಉದುರಿದ ಮಸಿಯನ್ನು ಹೆಂಗಸರು ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು.

ನಿಕನೋರನ ಮುಖ ಒರೆಸಲು ಯಾರಿಗೂ ಪುರಸೊತ್ತಾಗಿರಲಿಲ್ಲ.

ಅವಳು ದಾಪುಗಾಲಿಟ್ಟು ಹೊರಗೆ ಬಂದಳು. “ಉಳ್ಕೊಂಡೆ ಕಣೋ ರುಸೆಲ್!”

“ಏನು?”

“ಅವನು ಹಗೇವಲ್ಲಿ ಸತ್ತಿಲ್ಲ. ಇಲ್ಲಿ ಸತ್ತ, ತನ್ನ ಜೋಲೀಲಿ, ನಡುರಾತ್ರೀಲಿ. ಪಕ್ಕದಲ್ಲಿ ಯಾರೋ ಇದ್ರು. ಜೀವ ಹೋಗ್ಲಿ ಅಂತ ಸೂರು ತೆಗೆದಿದ್ದಾರೆ. ಆಮೇಲೆ ಜೋಲಿ ಸಮೇತ ಹೊತ್ಕೊಂಡು ಹೋಗಿ ಹಗೇವಿಗೆ ಹಾಕಿದ್ದಾರೆ. ಆ ಹೊತ್ತಲ್ಲಿ ನೀನು ವಯ್ಯದೊಲಿದ್‌ನಲ್ಲಿ ಡಾಮಿನೊ ಆಡ್ತಿದ್ದೆ!”

ರುಸೆಲ್ ಅವಳನ್ನೇ ನೋಡಿದ. ಆಮೇಲೆ ಬಾಯಿ ಸೊಟ್ಟಗಾಯಿತು. ನಗುವೋ ಅಳುವೋ ಅವನಿಗೇ ತಿಳಿದಿರಲಿಕ್ಕಿಲ್ಲ. “ನಿಜ ಹೇಳಿ ಅಕ್ಕ.” ಮೇಡಂ ಎಲ್ಲೋ ಬಿದ್ದುಹೋಗಿತ್ತು.

“ಬಾ, ನೀನೇ ನೋಡು ಬಾ.”

ಅವನನ್ನು ತೋಳು ಹಿಡಿದು ಒಳಗೆ ಎಳೆದುಕೊಂಡು ಬಂದಳು. ಅವನು ತೂತಿನ ಕೆಳಗೆ ನಿಂತು ಕತ್ತೆತ್ತಿದ. ಮಳೆಹನಿ ಹಣೆಯ ಮೇಲೆ ಬಿತ್ತು, ಕೆನ್ನೆಗಿಳಿಯಿತು. ಅವನು ಮುಖ ಸರಿಸಲಿಲ್ಲ. ಬಹಳ ಹೊತ್ತು ಹಾಗೇ ನೋಡುತ್ತ ನಿಂತ.

ಪಾಪ, ನಂಬೋಕಾಗ್ತಿಲ್ಲ ಹುಡುಗನಿಗೆ, ಅಂದುಕೊಂಡಳು ಎರ್ಮಿಲಾ.

ಆದರೆ ಸಂತೋಷದ ಜೊತೆಗೇ ಒಂದು ಕಹಿಯೂ ಮೇಲೆ ಬಂತು. ಪ್ರವಾಸ ಕಂಪನಿಯ ಪೆನೀಚೆಯ ಮೇಲೆ ಅವಳಿಗೆ ಮೊದಲ ದಿನದಿಂದಲೇ ಕಣ್ಣಿತ್ತು. ಗೋಪುರಕ್ಕೆ ಬಣ್ಣದ ದೀಪ ಬಿಟ್ಟು ರಾತ್ರಿ ಕುಣಿತ ನಡೆಸಬೇಕೆಂದಿದ್ದವನು, ಗೇಟಿನ ಬೀಗದ ಕೈ ಕೊಡದ ಮುದುಕನನ್ನು ‘ಆ ಹಳೇ ಮಡಕೆ’ ಅಂದವನು. ಅವನೇ ಆಗಿರಲಿ ಎಂದು ಹಲ್ಲು ಕಚ್ಚಿ ಬಯಸಿದ್ದಳು. ಈಗ ಏನು ಮಾಡುವುದು? ಪೆನೀಚೆಯಂಥವನು ಕೊಂದರೆ ಕೊಂದು ಹೋಗುತ್ತಾನೆ. ಸಾಯುವವನ ಪಕ್ಕ ಕೂತು ಸೂರು ತೆರೆಯುವುದಿಲ್ಲ. ಅವನ ಮನೆಗೆ ಇರುವುದು ಸಿಮೆಂಟಿನ ತಾರಸಿ.

ಇದು ನಮ್ಮವರ ಕೆಲಸ. ನಮ್ಮವರಷ್ಟೇ ಮಾಡುವ ತಪ್ಪು.

ಅವಳು ಮುದುಕಿಯ ಕಡೆ ತಿರುಗಿದಳು. ಬಸೀಲಿಯಾ ಇಷ್ಟು ಹೊತ್ತೂ ಬತ್ತಿಯ ಮೇಲಿಂದ ಕಣ್ಣು ಕಿತ್ತಿರಲಿಲ್ಲ.

“ಅತ್ತೆ, ಆ ರಾತ್ರಿ ನೀನಿಲ್ಲಿದ್ದೆ.”

“ನಾನು ಮನೇಲಿ ಮಲಗಿದ್ದೆ.”

“ಮೊದಲನೇ ದಿನ ನಮ್ಮ ಪೊಲೀಸಿನವನು ಇಲ್ಲಿ ಬಾಗಿಲಿಂದಲೇ ಬಗ್ಗಿ ನೋಡಿ ಹೋದ. ನೀನು ಮೂರು ದಿನದಿಂದ ಇಲ್ಲೇ ಬತ್ತಿ ಹಚ್ಚುತಾ ಕೂತಿದ್ದೀಯ. ತಲೆ ಮೇಲೆ ಸುರೀತಾ ಇದೆ. ಆ ತೂತಿಗೆ ಒಂದು ಗರಿ ಅಡ್ಡ ಇಡು ಅಂತ ಯಾರನ್ನೂ ಕರೀಲಿಲ್ಲ. ಯಾಕೆ?”

“ಯಾರನ್ನ ಕರೀಲಿ? ಎಲ್ರೂ ಪರದೇಶಿಗಳ ಬ್ಯಾಗು ಹೊರೋಕೆ ಹೋಗಿದ್ದಾರೆ.”

“ಯಾರಾದ್ರೂ ಬಂದು ತಲೆ ಎತ್ತಿದ್ರೆ ಅವರಿಗೆ ಗೊತ್ತಾಗ್ತಿತ್ತು. ಈ ಊರಲ್ಲಿ ಆ ತೂತು ಯಾಕೆ ಅಂತ ಯಾರಿಗೆ ಗೊತ್ತಿಲ್ಲ? ಅದಕ್ಕೆ.”

ಮುದುಕಿ ಶಾಲನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡಳು. ಹೊರಗೆ ಗಾಳಿ ಗುಡಿಸಲನ್ನು ಒಂದು ಸಲ ಅಲ್ಲಾಡಿಸಿ ಹೋಯಿತು.

“ಇವನನ್ನ ನೋಡು.” ಎರ್ಮಿಲಾ ರುಸೆಲನ ಕಡೆ ಕೈ ತೋರಿಸಿದಳು. “ಸಂಜೆ ಒಯ್ತಾರೆ. ನೀನು ಬಾಯಿ ಬಿಡದಿದ್ರೆ ಇವನು ವಾಪಸು ಬರೋ ಹೊತ್ತಿಗೆ ನಿನ್ನಷ್ಟು ಮುದುಕ ಆಗಿರ್ತಾನೆ. ನಿಮ್ಮಣ್ಣ ಇದನ್ನ ಒಪ್ತಿದ್ನಾ?”

ಅದು ತಾಗಿತು. ಬಸೀಲಿಯಾ ಬತ್ತಿಯಿಂದ ಕಣ್ಣು ಕಿತ್ತಳು.

“ನಾನೇ ತೆಗೆದೆ,” ಅಂದಳು.

“ಏನನ್ನ?”

“ಸೂರನ್ನ. ಬಂದು ನೋಡಿದಾಗ ಇಲ್ಲಿ ಬಿದ್ದಿದ್ದ. ತಲೆ ಒಡೆದಿತ್ತು. ಯಾರು ಹೊಡೆದ್ರು ನಾನು ಕಾಣೆ. ಜೋಲಿಗೆ ಹಾಕ್ದೆ. ಜೀವ ಹೋಗವಲ್ದು. ಗಂಟಲಲ್ಲಿ ಸಿಕ್ಕೊಂಡು ಎಳೀತಿತ್ತು. ‘ತೆಗೀರಿ, ತೆಗೀರಿ’ ಅಂತ ಕಣ್ಣಲ್ಲೇ ಮೇಲೆ ತೋರಿಸ್ತಿದ್ದ. ತೆಗೆದೆ.”

“ಎತ್ತರದ ಆಳು ಅವನು. ಜೋಲಿಗೆ ಒಬ್ಬಳೇ ಹಾಕಿದೆ?”

“ಹಾಕ್ದೆ.”

“ತೊಲೆ ಹತ್ತಿದೆ?”

“ಹತ್ತಿದೆ.”

“ಹತ್ತು ನೋಡೋಣ.”

ಬಸೀಲಿಯಾ ಏಳಲು ಹೋದಳು. ನಿಜಕ್ಕೂ ಹೋದಳು. ಗೋಡೆ ಹಿಡಿದು, ಒಂದು ಮಂಡಿ ನೆಟ್ಟಗೆ ಮಾಡಿ, ಇನ್ನೊಂದನ್ನು ಕೈಯಲ್ಲಿ ಒತ್ತಿ, ಹಲ್ಲು ಕಚ್ಚಿ ನಿಂತಳು. ತೊಲೆ ಅವಳ ತಲೆಗಿಂತ ಒಂದಾಳು ಮೇಲಿತ್ತು. ಅದನ್ನೊಮ್ಮೆ ನೋಡಿದಳು. ನೋಡಲಾಗುತ್ತಿರಲಿಲ್ಲ. ಎರ್ಮಿಲಾಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು, ಆದರೂ ಬಿಡಲಿಲ್ಲ.

“‘ತೆಗೀರಿ’ ಅಂತ ತೋರಿಸ್ತಿದ್ದ ಅಂದೆ. ಒಬ್ಬಳೇ ಇದ್ದಿದ್ರೆ ‘ತೆಗಿ’ ಅಂತ ತೋರಿಸ್ತಿದ್ದ ಅಂತಿದ್ದೆ. ಜೊತೇಲಿ ಯಾರಿದ್ರು ಅತ್ತೆ? ಆಮೇಲೆ ಹೆಣ ಹೊತ್ತವರು ಯಾರು?”

“ಸುಟ್ರೂ ಹೇಳಲ್ಲ.”

“ಅವನೇ ಹೊಡೆದವನಾ?”

“ಥೂ, ಅಲ್ಲ!” ಮುದುಕಿ ಉರಿದುಬಿದ್ದಳು. “ಹೊಡೆದವನು ಪಕ್ಕ ಕೂತು ಅಳ್ತಾನೇನೇ?”

“ಮತ್ತೆ ಹಗೇವಿಗೆ ಯಾಕೆ ಹಾಕಿದ?”

“ಇಲ್ಲಿ ಹೆಣ ಸಿಕ್ಕಿದ್ರೆ ನೀವು ಬರ್ತೀರ, ಮೂಲೆ ಮೂಲೆ ಜಾಲಾಡ್ತೀರ, ಇಲ್ಲಿಗೆ ಯಾರು ಬಂದು ಹೋಗ್ತಿದ್ರು ಅಂತ ಕೇಳ್ತೀರ. ಅಲ್ಲಾದ್ರೆ ಮುದುಕ ಕಾಲು ಜಾರಿ ಬಿದ್ದ ಅಂತೀರ, ಮುಗೀತು ಅಂದ್ಕೊಂಡ್ವಿ. ಈ ಹುಡುಗನ್ನ ಹಿಡೀತೀರ ಅಂತ ನಮಗೇನು ಕನಸಾ?” ಗೋಡೆ ಹಿಡಿದು ಮತ್ತೆ ಮಣೆಯ ಮೇಲೆ ಕೂತಳು. “ಅವನ ಹೆಸರು ನಾನು ಹೇಳಿದ್ರೂ ನೀನು ನಂಬಲ್ಲ ಮಗಳೇ. ನನಗೆ ಅರಳುಮರಳು ಅಂತೀಯ.”

“ಹೇಳಿ ನೋಡು.”

ಬಸೀಲಿಯಾ ಬಾಯಿ ತೆರೆದಳು.

“ನಾನೇ,” ಅಂದ ರುಸೆಲ್.

ಅವನು ಇನ್ನೂ ತೂತಿನ ಕೆಳಗೇ ನಿಂತಿದ್ದ. ಮುಖವೆಲ್ಲ ತೊಯ್ದಿತ್ತು.

“ಏನಂದೆ?”

“ನಾನೇ ಕೊಂದಿದ್ದು. ಅಜ್ಜಿ ನನ್ನ ಉಳಿಸೋಕೆ ಸುಳ್ಳು ಹೇಳ್ತಿದ್ದಾಳೆ.”

“ತಲೆ ಕೆಟ್ಟಿದೆಯೇನೋ ನಿನಗೆ?” ವಿಲ್ಬರ್ತ್ ಒಳಗೆ ನುಗ್ಗಿದ. “ಈಗ ತಾನೇ ಮೇಡಂ ನಿನ್ನ ಬಿಡಿಸಿದ್ರಲ್ಲೋ!”

“ನೀನು ಡಾಮಿನೊ ಆಡ್ತಿದ್ದೆ,” ಎರ್ಮಿಲಾ ತಡೆ ತಡೆದು ಹೇಳಿದಳು. “ಆ ಕಾವಲುಗಾರನ ಕೈಲಿ ಸೋತು ಒಂದು ಬಾಟಲಿ ಕುಡಿಸೋ ಬಾಕಿ ಉಳಿಸ್ಕೊಂಡಿದ್ದೀಯ. ನಾನೇ ಕೇಳಿ ಬಂದಿದ್ದೀನಿ.”

“ಅವನು ಕುಡುಕ. ನಡುವೆ ಎದ್ದು ಬಂದಿದ್ದೆ. ಯಾರದೋ ಬೈಕಲ್ಲಿ.”

“ಯಾರದು?”

“ಮರೆತೆ.”

“ಸುಳ್ಳು ಬೊಗಳಬೇಡ! ಸೂರು ತೆಗೆದವನು ನೀನಾ? ಹೇಗೆ ತೆಗೆದೆ, ಹೇಳು.”

ರುಸೆಲ್ ಮೇಲೆ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಹೇಳಿದ. “ತೊಲೆ ಮೇಲೆ ಕಾಲು ಇಳಿಬಿಟ್ಟು ಕೂತೆ. ಕಿತ್ತು ಹಾಕಲಿಲ್ಲ. ಒಂದೊಂದೇ ಗರಿ ಬಿಡಿಸಿದೆ. ಬಾಲಾನ ಎಡಕ್ಕೆ ಎರಡು ಸುತ್ತು ತಿರುವಿ, ಕೆಳಗಿನ ಸಾಲಿಗೆ ಸಿಕ್ಕಿಸ್ದೆ. ಒಂದು ಸಾಲು ಬಿಚ್ಚಿದ್ರೆ ಮೇಲಿನದೆಲ್ಲ ಜಾರುತ್ತೆ. ಸೂರು ಜಾರಬಾರ್ದು. ಬಡವನ ಮನೆ.”

ಬಸೀಲಿಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಆ ಮುಖವನ್ನು ಎರ್ಮಿಲಾ ನೋಡಿದಳು. ರುಸೆಲ್ ಆ ರಾತ್ರಿ ಬಂದೆನೆಂದದ್ದು ಶುದ್ಧ ಸುಳ್ಳು. ಆದರೆ ಈಗ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಗೇಟಿನ ಕಡೆಯಿಂದ ಹಾರ್ನ್ ಕೇಳಿಸಿತು. ಒಮ್ಮೆ ಉದ್ದಕ್ಕೆ, ಮತ್ತೊಮ್ಮೆ ಇನ್ನೂ ಉದ್ದಕ್ಕೆ.

ರಾಜಧಾನಿಯಿಂದ ಬಂದವರಿಬ್ಬರು. ಕೊಡೆ ಹಿಡಿದು, ಬೂಟಿಗೆ ಕೆಸರಾಗದ ಹಾಗೆ ಕಲ್ಲಿಂದ ಕಲ್ಲಿಗೆ ಕಾಲಿಡುತ್ತ ಬಂದರು. ಎರ್ಮಿಲಾ ಅವರಿಗೆ ಅಡ್ಡ ನಿಂತಳು. ಕೇಸು ತಿರುಗಿದೆ, ಹೊಸ ಸಾಕ್ಷಿ ಇದೆ, ಒಂದು ದಿನ ಕೊಡಿ ಎಂದಳು. ಅವರಲ್ಲಿ ದಪ್ಪನೆಯವನು ಬಾಗಿಲಿನಿಂದ ತೂತು ನೋಡಿದ.

“ಗುಡಿಸಲು ಸೋರ್ತಾ ಇದೆ. ಇದು ಸಾಕ್ಷಿ?”

“ಒಳಗಿಂದ ತೆಗೆದಿರೋದು. ಸಾಯೋರಿಗೆ ನಮ್ಮಲ್ಲಿ...”

“ನಿಮ್ಮಲ್ಲಿ,” ಅಂದ ಅವನು. ಅಷ್ಟೇ ಅಂದ. ಆ ಒಂದು ಮಾತಿನಲ್ಲಿ ಅವಳ ಊರು, ಅಜ್ಜಿ, ಭಾಷೆ ಎಲ್ಲವನ್ನೂ ಒರೆಸಿ ಮೂಲೆಗೆ ಎಸೆದ.

“ಸಾರ್,” ರುಸೆಲ್ ಸ್ಪ್ಯಾನಿಷ್‌ನಲ್ಲಿ, ಪ್ರವಾಸಿಗಳಿಗೆ ವಿವರಿಸುವಷ್ಟು ಗಟ್ಟಿಯಾಗಿ ಹೇಳಿದ, “ನಾನೇ ಮಾಡಿದ್ದು. ಬರ್ಕೊಳ್ಳಿ. ಹೊಡೆಯೋ ತೊಂದ್ರೆ ತಗೋಬೇಡಿ.”

ಕೊಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸುಲಭದ ದಿನ ಅವರಿಗೂ ಅಪರೂಪ.

ಎರ್ಮಿಲಾ ಗೇಟಿನವರೆಗೂ ಅವನ ಪಕ್ಕದಲ್ಲೇ ನಡೆದಳು. “ಯಾರನ್ನ ಮುಚ್ಚಿಡ್ತಿದ್ದೀಯೋ?” ಮಾಯಾ ಮಾತಿನಲ್ಲಿ ಕೇಳಿದಳು, ಬೈದಳು, ಕೊನೆಗೆ ಬೇಡಿಕೊಂಡಳು. “ಅಲ್ಲಿ ನಿನ್ನ ಮುರಿದು ಹಾಕ್ತಾರೆ. ನನಗಾದ್ರೂ ಹೇಳೋ.”

“ಅಕ್ಕ, ನಮ್ಮವ್ವನಿಗೆ ನಾನೇ ಕೊಂದೆ ಅಂತ್ಲೇ ಹೇಳಿ.” ವ್ಯಾನಿನ ಮೆಟ್ಟಿಲಿನ ಮೇಲೆ ಅವನು ತಿರುಗಿದ. ಆ ಮುಖದಲ್ಲಿ ಹೆದರಿಕೆ ಇತ್ತು, ಬೇಕಾದಷ್ಟಿತ್ತು. ಆದರೆ ಅದರ ಅಡಿಯಲ್ಲಿ ಇನ್ನೇನೋ ಇತ್ತು. ಹಸಿದವನಿಗೆ ರೊಟ್ಟಿಯ ವಾಸನೆ ಬಡಿದ ಹಾಗೆ. “ಬೇರೆ ಏನನ್ನೂ ಹೇಳಬೇಡಿ. ತಡ್ಕೊಳೋಕಾಗಲ್ಲ ಅವಳ ಕೈಲಿ.”

ಬಾಗಿಲು ಹಾಕಿಕೊಂಡಿತು. ವ್ಯಾನು ಕೆಸರು ಚಿಮ್ಮಿಸಿ ತಿರುಗಿತು.

ಅವಳು ಓಡಿಕೊಂಡೇ ಗುಡಿಸಲಿಗೆ ವಾಪಸು ಬಂದಳು. ವಿಲ್ಬರ್ತ್‌ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅವನ ಹೆಗಲಿನ ಮೇಲೆ ಕಾಲಿಟ್ಟು ತೊಲೆ ಹಿಡಿದು ಹತ್ತಿದಳು. ಅಂಗೈ ತುಂಬ ಇಲ್ಲಣ. ಟಾರ್ಚು ಬಿಟ್ಟಳು.

ಒಂದು ಗರಿಯೂ ಮುರಿದಿರಲಿಲ್ಲ. ಪ್ರತಿಯೊಂದರ ಬಾಲವನ್ನೂ ಎಡಕ್ಕೆ ಎರಡು ಸುತ್ತು ತಿರುವಿ, ಕೆಳಗಿನ ಸಾಲಿಗೆ ಸಿಕ್ಕಿಸಲಾಗಿತ್ತು. ತಿರುವಿದ ಕಡೆ ಮಸಿ ಉದುರಿ ಗರಿಯ ಮೈ ಬಿಳುಚಿಕೊಂಡಿತ್ತು. ಹೊಸ ಕೆಲಸ. ಸಾವಿನ ಮನೆಯಲ್ಲಿ, ಕತ್ತಲಲ್ಲಿ, ಅಳುತ್ತ ಕೂತವನೊಬ್ಬನ ಕೈಗೆ ಸೂರನ್ನು ಹಾಳು ಮಾಡಲು ಮನಸ್ಸು ಬಂದಿರಲಿಲ್ಲ. ಕೈ ತನ್ನ ಕಸುಬನ್ನು ತಾನೇ ಮಾಡಿ ಮುಗಿಸಿತ್ತು.

ರುಸೆಲ್ ಕೆಳಗಿನಿಂದ ನೋಡಿದ್ದು ತೂತನ್ನಲ್ಲ. ಇದನ್ನು. ತಾನೇ ತೋಳು ಹಿಡಿದು ತಂದು ತೋರಿಸಿದ್ದಳು.

“ವಿಲ್ಬರ್ತ್, ಈ ಕಡೆ ಗರಿ ಬಾಲ ಹೀಗೆ ತಿರುವಿ ಸಿಕ್ಕಿಸೋರು ಯಾರು?”

ಅವನನ್ನೂ ಮೇಲಕ್ಕೆ ಹತ್ತಿಸಿದಳು. ಅವನು ಒಂದು ಗರಿಯನ್ನು ಮುಟ್ಟಿ ನೋಡಿ, ಬಿಸಿ ತಾಗಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ.

“ಈಗ ಯಾರೂ ಇಲ್ಲ ಮೇಡಂ. ಎಡಗೈಯವನು ಒಬ್ಬನೇ ಇದ್ದ. ಗೌದೆನ್ಸಿಯೊ. ಅವನ ಮನೆ ಸೂರು ಇವತ್ತಿಗೂ ಹೀಗೇ ಇದೆ, ಹೋಗಿ ನೋಡಿ.” ಮಸಿಯಾದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. “ರುಸೆಲನ ಅಪ್ಪ.”

“ಎಲ್ಲಿದ್ದಾನೆ?”

“ಎಲ್ಲಿರ್ತಾನೆ? ಕರಾವಳೀಲಿ ಹೋಟೆಲ್ಲಿಗೆ ಸೂರು ಹೊದಿಸೋಕೆ ಹೋದವನು ಚಂಡಮಾರುತಕ್ಕೆ ಸಿಕ್ಕಿ ಸಮುದ್ರದ ಪಾಲಾದ. ರುಸೆಲ್ ಆಗ ಇಷ್ಟುದ್ದ. ಹೆಣ ಸಿಗಲಿಲ್ಲ. ಪೆಟ್ಟಿಗೇಲಿ ಅವನ ಟೋಪಿ ಇಟ್ಟು ಹೂತ್ವಿ. ನಾನೂ ಹೆಗಲು ಕೊಟ್ಟಿದ್ದೆ ಮೇಡಂ, ಈ ಹೆಗಲೇ.”

ಎರ್ಮಿಲಾ ತೊಲೆಯಿಂದ ಧುಮುಕಿ ಬಸೀಲಿಯಾಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮುದುಕಿಯ ತಣ್ಣಗಿನ ಎರಡೂ ಕೈಗಳನ್ನು ಹಿಡಿದುಕೊಂಡಳು.

“ಅತ್ತೆ! ಗೌದೆನ್ಸಿಯೊ ಎಲ್ಲಿ?”

ಬಸೀಲಿಯಾ ಬತ್ತಿಯನ್ನು ಊದಿ ಆರಿಸಿದಳು. ಗುಡಿಸಲ ಹಿಂದಿನ ಕಾಡಿನ ಕಡೆ ಒಮ್ಮೆ ಕಿವಿಗೊಟ್ಟಳು.

“ಮೆಲ್ಲಗೆ ಮಾತಾಡೇ,” ಅಂದಳು. “ಮಗನ್ನ ಒಯ್ದಿದ್ದು ಕೇಳಿಸ್ಕೋತಾನೆ.”